ತಳದಲ್ಲಿ ಬೆರಳಗಲ ನೀರು

ಘಟಕದ ಊಟದ ಕೋಣೆ,
ಮಾರ್ಚ್ 9, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಸೊಂಟ ಹೇಗಿದೆ? ಅಮ್ಮ ಹೊಲಿದುಕೊಟ್ಟ ದಿಂಬನ್ನು ಸೀಟಿಗೆ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಕ್ಲೀನರ್ ಅದನ್ನು ತಲೆಗಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದಾನೋ? ಲಾರಿ ನಿಲ್ಲಿಸಿದಾಗೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆ. ನಾವು ಚೆನ್ನಾಗಿದ್ದೇವೆ. ಅಮ್ಮ ಮಾತ್ರ ಹೊಗೆ ವಾಸನೆ ಎಂದು ನನ್ನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ.

ನಾನು ಇಲ್ಲಿಗೆ ಸೇರಿದ ದಿನ ನೀನು ಅಂದದ್ದು ನೆನಪಿದೆಯಾ? "ಮರದ ಹೊಟ್ಟಿಂದ ಲಾರಿ ಓಡೋದಾದ್ರೆ ನಾಳೆಯಿಂದ ನಾನು ಟ್ಯಾಂಕಿಗೆ ಹುಲ್ಲು ಹಾಕ್ತೀನಿ." ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು, ಯಾವ ಕೆಲಸದಲ್ಲೂ ಮೂರು ತಿಂಗಳು ನಿಲ್ಲದವಳು, ಅದಕ್ಕೇ ನಿನ್ನಿಂದ ಗಾಲಿ ಎಂದು ಹೆಸರಿಡಿಸಿಕೊಂಡವಳು ನಾನು. ನಿನ್ನ ಅನುಮಾನದಲ್ಲಿ ತಪ್ಪಿರಲಿಲ್ಲ. ಈಗ ಹದಿನಾಲ್ಕು ತಿಂಗಳಾಯಿತು, ಎಣಿಸಿಕೋ.

ಹೊಟ್ಟನ್ನು ಗಾಳಿ ತಾಗದಂತೆ ಕಾಯಿಸಿದರೆ ಕಪ್ಪು ಎಣ್ಣೆ ಬರುತ್ತದೆ. ಅದು ಹುಳಿ, ಇಟ್ಟರೆ ಗಟ್ಟಿಯಾಗುತ್ತದೆ, ಇಂಜಿನ್ನಿಗೆ ಹಾಕಿದರೆ ಇಂಜಿನ್ನೇ ಹಾಳು. ಅದರೊಳಗಿನ ಆಮ್ಲಜನಕವೇ ಕಳ್ಳ. ಅದನ್ನು ಹೊರದಬ್ಬಲು ಉಕ್ಕಿನ ಕೊಳವೆಯಲ್ಲಿ ಕ್ಯಾಟಲಿಸ್ಟ್ ಕಾಳು, ಅಂದರೆ ಈ ಬದಲಾವಣೆಯನ್ನು ಚುರುಕು ಮಾಡುವ ಕಾಳು, ತುಂಬಿ, ಎಣ್ಣೆಯನ್ನೂ ಹೈಡ್ರೋಜನ್ನನ್ನೂ ಒತ್ತಡದಲ್ಲಿ ಹಾಯಿಸುತ್ತೇವೆ. ಆಮ್ಲಜನಕ ನೀರಾಗಿ ಹೊರಬರುತ್ತದೆ, ಮೇಲೆ ಇಂಧನ ತೇಲುತ್ತದೆ. ಕೊಳವೆ ತೊಳೆಯುವುದು, ತುಂಬುವುದು, ಓಡಿಸುವುದು ಎಲ್ಲ ನನ್ನ ಕೈಯಲ್ಲೇ.

ಎರಡು ವಾರದ ಹಿಂದೆ ದೊಡ್ಡ ಪರೀಕ್ಷೆಯಿತ್ತು. ಅದು ಕೈಕೊಟ್ಟರೆ ಘಟಕಕ್ಕೆ ಬೀಗ ಎಂದು ಎಲ್ಲರಿಗೂ ಗೊತ್ತಿತ್ತು. ಮೊದಲ ಜಾಡಿಯಲ್ಲಿ ತಿಳಿಯಾದ ಎಣ್ಣೆ ಬಂತು. ಇಂಜಿನಿಯರ್ ಮೇಡಂ ನನ್ನನ್ನು ತಬ್ಬಿಕೊಂಡರು. ಮರುದಿನ ಬೆಳಿಗ್ಗೆ ಮೇಲಿನವರಿಗೆ ವರದಿ ಕಳಿಸಲು ಕೂತಿದ್ದರು. ನಾನು ಜಾಡಿಯನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಒಂದು ಹನಿಯೂ ನೀರಿಲ್ಲ. ಪರೀಕ್ಷೆಯ ಹಿಂದಿನ ದಿನ ಕೊಳವೆಯನ್ನು ಡೀಸೆಲ್ ಹಾಕಿ ತೊಳೆದವಳು ನಾನೇ. ಕೆಳಗಿನ ತಿರುವಿನ ವಾಲ್ವ್ ಬಿಚ್ಚಿ ಬಸಿಯುವುದನ್ನು ಮರೆತಿದ್ದೆ. ಅಲ್ಲಿ ನಿಂತಿದ್ದ ಡೀಸೆಲ್ಲೇ ಜಾಡಿಗೆ ಬಂದಿತ್ತು.

ನಮ್ಮ ಘಟಕದ ವೆಲ್ಡರ್ ಅಣ್ಣ ಮೆಲ್ಲಗೆ ಅಂದ, "ಸುಮ್ನಿರೇ ಮಾರಾಯ್ತಿ, ಯಾರು ನೋಡಿದ್ದಾರೆ?" ನಾನು ನೋಡಿದ್ದೆನಲ್ಲ. ಹೋಗಿ ಹೇಳಿದೆ. ಮೇಡಂ ಜಾಡಿ ಮೂಸಿದರು. ಆಮೇಲೆ ವರದಿಯನ್ನು ಹರಿದು, "ಈಗಲೇ ಬಸಿ. ಮತ್ತೆ ಓಡಿಸೋಣ" ಅಂದರು.

ಆರು ದಿನ ಓಡಿಸಿದೆವು. ಈ ಸಲ ಬಂದದ್ದು ಕಡಕ್ ಚಹಾದ ಬಣ್ಣದ್ದು, ಕೆಟ್ಟ ವಾಸನೆ, ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ. ಆದರೆ ತಳದಲ್ಲಿ ಬೆರಳಗಲ ನೀರು! ಒಂಬತ್ತು ಪಾಲು ಡೀಸೆಲ್ಲಿಗೆ ಇದರ ಒಂದು ಪಾಲು ಬೆರೆಸಿ ಅಂಗಳದ ಹಳೇ ಲಾರಿಗೆ ಹಾಕಿದೆವು. ಎರಡು ಸಲ ಕೆಮ್ಮಿತು, ಆಮೇಲೆ ಓಡಿತು. ಗೇಟಿನ ತನಕ ಹೋಗಿ ಬಂತು, ಅಪ್ಪಾ. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ, ನೀನು ನಿಲ್ಲುತ್ತೀಯಲ್ಲ, ಹಾಗೆ. "ಫಲಿತಾಂಶ ನೀನೇ ಬರಿ" ಎಂದು ಮೇಡಂ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಘಟಕ ಇನ್ನೊಂದು ವರ್ಷ ನಡೆಯುತ್ತದೆ.

ಅಮ್ಮ ನಿನ್ನನ್ನು ನೆನೆಸಿಕೊಳ್ಳುತ್ತಾಳೆ. ನಿಧಾನ ಓಡಿಸು.

ನಿನ್ನ ಮಗಳು,
ಗಾಲಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಮೊದಲ ದಿನದ ಖುಷಿಯಲ್ಲಿ ಚಿಕ್ಕಪ್ಪನ ಕೈಯಲ್ಲಿ ನಿನಗೆ ಕಳಿಸಿದ ಬಾಟಲಿಯಲ್ಲಿರುವುದು ಬರೀ ಡೀಸೆಲ್. ದಾರಿಯ ಚಹಾ ಅಂಗಡಿಗಳಲ್ಲೆಲ್ಲ "ನನ್ನ ಮಗಳು ಮಾಡಿದ್ದು" ಎಂದು ತೋರಿಸುತ್ತಿದ್ದೀಯಂತೆ. ಅದನ್ನು ಟ್ಯಾಂಕಿಗೆ ಸುರಿದುಬಿಡು, ನೋಡಿದವರಿಗೆಲ್ಲ ನಿಜ ಹೇಳು. ಈ ಕಾಗದದ ಜೊತೆ ಬಂದಿರುವ ಬಾಟಲಿಯಲ್ಲಿರುವುದು ನಮ್ಮದು. ಇದನ್ನು ತೋರಿಸು, ಮೂಗು ಮುಚ್ಚಿಕೊಂಡಾದರೂ ಸರಿ. ಅಲ್ಲಾಡಿಸಬೇಡ. ತಳದ ನೀರು ಕಾಣಲಿ.