ಅಮ್ಮ ಅಳಿಸದ ಡಿಸ್ಕ್

ಪ್ರೀತಿಯ ಅಕ್ಕನಿಗೆ,

ಈ ಲಕೋಟೆಯಲ್ಲಿರುವುದು ಡಿವಿಡಿ-ಆರ್. ಒಮ್ಮೆ ಬರೆದರೆ ಮುಗಿಯಿತು, ಅಳಿಸಲು ಬರುವುದಿಲ್ಲ. ಬಿಸಿಲಿನಲ್ಲಿ ಇಡಬೇಡ, ಮೇಲೆ ಬಾಲ್‌ಪೆನ್ನಿನಲ್ಲಿ ಗೀಚಬೇಡ.

ಪಾರ್ಶ್ವವಾಯು ಬಡಿದು ಅಪ್ಪನ ಮಾತು ನಿಂತಾಗಿನಿಂದ ಅಮ್ಮ ದಿನವೂ ಅವರ ಮಾತಿನ ಅಭ್ಯಾಸವನ್ನು ರೆಕಾರ್ಡ್ ಮಾಡುತ್ತಿದ್ದುದು ನಿನಗೆ ಗೊತ್ತಲ್ಲ. ಅದಕ್ಕೆಲ್ಲ ಒಂದೇ ಆರ್‌ಡಬ್ಲ್ಯು ಡಿಸ್ಕ್, ಮತ್ತೆ ಮತ್ತೆ ಅಳಿಸಿ ಬರೆಯುವಂಥದ್ದು. ಸಂಜೆ ಇಬ್ಬರೂ ಕೂತು ನೋಡಿ, ತಪ್ಪು ತಿದ್ದಿಕೊಂಡು, ಅಳಿಸಿಬಿಡುತ್ತಿದ್ದರು. ನಾನು ತಂದಿಟ್ಟ ಇಂಥ ಆರ್ ಡಿಸ್ಕುಗಳ ಡಬ್ಬಿಯನ್ನು ಅಮ್ಮ ಮುಟ್ಟಲೂ ಇಲ್ಲ. ಜಿಪುಣಿ ಎಂದು ರೇಗಿಸಿದೆ.

"ತೊದಲಿದ್ದನ್ನೆಲ್ಲ ಕೂಡಿಟ್ಟು ಯಾರಿಗೆ ತೋರಿಸ್ಲಿ? ನಿಮ್ಮಪ್ಪನಿಗೆ ದಿನಾ ಬೆಳಗ್ಗೆ ಖಾಲಿ ಡಿಸ್ಕೇ ಸಿಗ್ಲಿ" ಎಂದಳು.

ಮೊನ್ನೆಯದನ್ನು ಮಾತ್ರ ಅವಳು ಅಳಿಸಲಿಲ್ಲ. ತಾನೇ ಡಬ್ಬಿ ಒಡೆದು, ಈ ಡಿಸ್ಕಿಗೆ ಕಾಪಿ ಮಾಡಿಸಿದಳು. ಬರೆದ ಮೇಲೆ ಡಿಸ್ಕನ್ನು ಫೈನಲೈಸ್ ಮಾಡಿ ಮುಚ್ಚದಿದ್ದರೆ ನಿನ್ನ ಪ್ಲೇಯರಿನಲ್ಲಿ ಓಡುವುದಿಲ್ಲವೆಂದು ನೆನಪಿಸಿದವಳೂ ಅವಳೇ.

ಪೂರ್ತಿ ನೋಡು. ಅಪ್ಪ ತಡವರಿಸದೆ ಆಡಿದ ಮೊದಲ ಮಾತು ಕೊನೆಯಲ್ಲಿದೆ: "ಸಾಕು, ಆ ಕ್ಯಾಮೆರಾ ಆಫ್ ಮಾಡೇ!"

ಆಮೇಲೆ ಚಿತ್ರ ಗಡಗಡ ಅಲುಗಾಡುತ್ತದೆ. ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡ. ಕ್ಯಾಮೆರಾ ಹಿಡಿದವಳು ನಗುತ್ತಿದ್ದಾಳೆ.

ನಿನ್ನ ತಂಗಿ