ಉಂಗುರ ತೊಡಿಸಿದ ಕೈ

ಮೊಗ್ರಾಲ್
3 ಫೆಬ್ರವರಿ 2025

ಪ್ರೀತಿಯ ತಮ್ಮ ಮಹಾಬಲನಿಗೆ,

ಅಕ್ಕನ ಆಶೀರ್ವಾದ. ನೀನು ಪ್ರಸಾದ ನಿಲ್ಲಿಸಬಹುದು, ಆಶೀರ್ವಾದ ನಿಲ್ಲಿಸುವ ಕ್ರಮ ನನ್ನಲ್ಲಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಪತ್ರ.

ನಿನ್ನ ಕಾರ್ಯಸ್ಥ ಕೇಶವಪ್ರಸಾದನ ಕೈಯಲ್ಲಿ ಹೇಳಿಕಳುಹಿಸಿದ್ದು ತಲುಪಿತು. ನಾನು ನಮ್ಮ ಹಿರಿಯರ ಗುತ್ತಿನ ಮನೆಯ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ತಪ್ಪೊಪ್ಪಿಕೊಳ್ಳಬೇಕಂತೆ. ಇಲ್ಲದಿದ್ದರೆ ಈ ಸಲದ ನೇಮದಲ್ಲಿ ದೈವ ಮೈಮೇಲೆ ಬಂದು ಪ್ರಸಾದ ಕೊಡುವಾಗ ನನ್ನ ಹೆಸರು ಕರೆಯುವುದಿಲ್ಲವಂತೆ. ಮೇಲೊಂದು ಕುಟುಕು ಬೇರೆ: ಪೋಪ್ ಇದ್ದ ಕೋಟೆಯ ಬಾಗಿಲಲ್ಲಿ ಹೆನ್ರಿ ರಾಜನೇ ಮೂರು ದಿನ ಹಿಮದಲ್ಲಿ ನಿಂತಿದ್ದ, ಚರಿತ್ರೆ ಟೀಚರಿಗೆ ಒಂದು ಗಳಿಗೆ ಬಿಸಿಲಲ್ಲಿ ನಿಲ್ಲಲು ಎಂತ ಕಷ್ಟ ಅಂತ.

ಆ ಪಾಠ ನಿನಗೆ ಹೇಳಿಕೊಟ್ಟವಳು ನಾನೇ ಮಾರಾಯ. ಅರ್ಧ ಕೇಳಿ ಲಗೋರಿಗೆ ಓಡಿದ್ದೆ. ಆ ಜಗಳ ಇದ್ದದ್ದು ಬಿಷಪ್ಪನಿಗೆ ಪದವಿಯ ಉಂಗುರ, ಕೋಲು ಯಾರು ಕೊಡಬೇಕು ಎಂಬುದಕ್ಕೆ. ರಾಜ ತಾನೇ ಕೊಡುತ್ತಿದ್ದ. ಕೊಟ್ಟ ಕೈಗೆ ಬಿಷಪ್ ಬಾಗುತ್ತಿದ್ದ. ಅದು ನಿನ್ನ ಹಕ್ಕಲ್ಲ ಎಂದ ಪೋಪ್ ಗ್ರೆಗರಿ. ರಾಜ ಕೇಳಲಿಲ್ಲ, ಬಹಿಷ್ಕಾರ ಬಿತ್ತು. ಅದನ್ನು ತೆಗೆಸಿಕೊಳ್ಳಲಿಕ್ಕೇ ಅವನು ಹಿಮದಲ್ಲಿ ನಿಂತದ್ದು.

ಈಗ ನೀನೇ ಹೇಳು. ನಮ್ಮ ಮನೆಯ ಯಜಮಾನಿಕೆಯ ಗಡಿಪಟ್ಟ ಹಿಡಿಯುವವನಿಗೆ ಉಂಗುರ ತೊಡಿಸುವುದು ನೇಮದ ದಿನ, ದೈವದ ಕೈಯಿಂದ, ಹತ್ತು ಜನರ ಎದುರು. ನಿನ್ನ ನಂತರ ನಮ್ಮ ದೊಡ್ಡಕ್ಕ ಮನೋರಮಕ್ಕನ ಮಗ ವಿಖ್ಯಾತ. ಮಾವನ ಪಟ್ಟ ಸೋದರಳಿಯನಿಗೆ, ಅಳಿಯಸಂತಾನದ ಕ್ರಮ, ನನಗೆ ತಕರಾರಿಲ್ಲ. ಆದರೆ ನೀನು ನೇಮದವರೆಗೂ ಕಾಯದೆ ಚಾವಡಿಯಲ್ಲಿ ಕೂತು ನಿನ್ನ ಕೈಯಿಂದಲೇ ತೊಡಿಸಿದೆ, ನಾಳೆ ಅಳಿಯ ನಿನ್ನ ಮಾತು ಮೀರಬಾರದೆಂದು. ಉಂಗುರ ದೈವದ್ದು, ನಿನ್ನದಲ್ಲ ಎಂದು ನಾನು ಎಲ್ಲರೆದುರು ಹೇಳಿದೆ. ಅದೇ ನನ್ನ ತಪ್ಪು. ಹಾಗಾದರೆ ಈ ಕಥೆಯಲ್ಲಿ ರಾಜ ನೀನು. ಬರಿಗಾಲಲ್ಲಿ ನಿಲ್ಲಬೇಕಾದವನೂ ನೀನೇ.

ನೇಮಕ್ಕೆ ಬರುತ್ತೇನೆ. ಹೆಸರು ಕರೆಯದಿದ್ದರೂ ನನ್ನ ಜಾಗದಲ್ಲೇ ನಿಲ್ಲುತ್ತೇನೆ. ಚಪ್ಪಲಿ ಕಳಚುವುದು ದೈವಕ್ಕೆ, ನಿನಗಲ್ಲ.

ಮೊಣಗಂಟಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ಅಕ್ಕ,
ಮೋಹಿನಿ

ಬರೆಯಲು ಮರೆತೆ: ಮೊನ್ನೆ ವಿಖ್ಯಾತ ಬಂದಿದ್ದ. ಉಂಗುರ ಕಳಚಿ ನನ್ನ ಮೇಜಿನ ಮೇಲಿಟ್ಟ. ದೈವ ಕೊಟ್ಟರೆ ಹಾಕಿಕೊಳ್ಳುತ್ತೇನೆ ಚಿಕ್ಕಮ್ಮ, ಮಾವನಿಗೆ ಹೇಳುವ ಧೈರ್ಯ ನನಗಿಲ್ಲ, ನೀವೇ ಬರೆಯಿರಿ ಎಂದ. ಬರೆದಿದ್ದೇನೆ. ಉಂಗುರ ಈಗ ನನ್ನ ಸಾಸಿವೆ ಡಬ್ಬಿಯಲ್ಲಿ ಉಂಟು. ನೇಮದ ದಿನ ನಾನೇ ತಂದು ದೈವದ ಕೈಯಲ್ಲಿ ಕೊಡುತ್ತೇನೆ. ನನ್ನ ಹೆಸರು ಕರೆಯದೆ ಹೇಗೆ ನಡೆಸುತ್ತೀ, ನೋಡುವ.