ಒಂದೇ ಪ್ಯಾಟರ್ನಿನ ನಾಲ್ಕು ಹಡಗುಗಳು

ಜುಲೈ 10, ಗುರುವಾರ

ವತ್ಸಲಕ್ಕ ಕೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಕಾಮಾಕ್ಷಿಪಾಳ್ಯದ ನಮ್ಮ ಗಾರ್ಮೆಂಟ್ಸ್‌ನಲ್ಲಿ ನನ್ನ ಕಾದಂಬರಿ ಓದುವವರು ಅವರೊಬ್ಬರೇ. ನಾನು ಕಲ್ಪಿಸಿದ ದೇಶದ ನೌಕಾಪಡೆಯಲ್ಲಿ ವಜ್ರ ವರ್ಗದ, ಅಂದರೆ ಒಂದೇ ನಕ್ಷೆಯಲ್ಲಿ ಕಟ್ಟಿದ, ನಾಲ್ಕು ಯುದ್ಧನೌಕೆಗಳಿವೆ. ಫಿರಂಗಿಯ ಕೆಳಗಿನ ಉಕ್ಕು ತೆಳುವಾಗಿದ್ದರಿಂದ ಮೊದಲನೆಯದು ಗುಂಡು ಹಾರಿಸುವಾಗಲೇ ಒಡೆದು ಮುಳುಗಿತು.

ಊಟದ ಹೊತ್ತಿನಲ್ಲಿ ಅಕ್ಕ ನೋಟ್‌ಬುಕ್ ಮುಚ್ಚಿ, "ನಾಲ್ಕೂ ಒಂದೇ ಪ್ಯಾಟರ್ನ್ ತಾನೇ? ಪ್ಯಾಟರ್ನ್ ತಪ್ಪಾದ್ರೆ ಲಾಟ್ ಪೂರ್ತಿ ರಿಜೆಕ್ಟ್ ಕಣೇ. ಮಿಕ್ಕ ಮೂರನ್ನ ಹೆಂಗೆ ಯುದ್ಧಕ್ಕೆ ಕಳಿಸ್ದೆ?" ಎಂದರು.

ಎರಡನೇ ಹಡಗಿನಲ್ಲಿ ಕ್ಯಾಪ್ಟನ್ ಮಾಣಿಕ್ಯ ಇದ್ದಾನೆ. ಅವನನ್ನು ಊರಿಗೆ ಮರಳಿಸಿ ಮದುವೆ ಮಾಡಿಸಬೇಕೆಂದಿದ್ದೆ. ಉಕ್ಕು ತೆಳುವಾಗಿತ್ತೆಂಬ ಆ ಒಂದು ಸಾಲು ಹೊಡೆದುಹಾಕಿದರೆ ಅವನು ಉಳಿಯುತ್ತಾನೆ. ಆದರೆ ಮೊದಲನೆಯ ಹಡಗಿನವರು ಯಾಕೆ ಸತ್ತರು ಅಂತ ಬರೆಯಲಿ?

ಮಾಣಿಕ್ಯನಿಗಿನ್ನೂ ಏನೂ ಗೊತ್ತಿಲ್ಲ. ನಿನ್ನೆ ಬರೆದ ಪುಟದಲ್ಲಿ ನಗುತ್ತಲೇ ಇದ್ದಾನೆ, "ಫಿರಂಗಿಗೆ ಗುಂಡು ತುಂಬಿ" ಅಂತ ಕೈ ಎತ್ತಿ.